ಬನವ್ವನ ಮಧ್ಯಾಹ್ನ

“ಬಿಚ್ಚಬ್ಯಾಡ್ರಿ!” ವಿರೂಪಾಕ್ಷಿ ಕೂಗಿದ. “ಇನ್ನೊಂದ ಚೂರ ಇರ್ಲಿ. ನಿಮ್ಮ ಕಾಲಿಗೆ ಬೀಳತೀನಿ, ಬಿಚ್ಚಬ್ಯಾಡ್ರಿ.”

ಅವನ ಕೊರಳಪಟ್ಟಿಯ ಗುಂಡಿಗೆ ಕೈ ಹಾಕಿದ್ದ ತಹಸೀನ್ ಹಾಗೇ ನಿಂತಳು. ಕುರ್ಚಿಗೆ ಒರಗಿದ್ದ ಆ ದೊಡ್ಡ ಮೈಯಲ್ಲಿ ಒಂದು ಸ್ನಾಯುವೂ ಬಿಗಿದಿರಲಿಲ್ಲ. ಕೈಗಳು ಹಿಂಡಿ ಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಕಣ್ಣಿಗೆ ಕಟ್ಟಿದ ಕಪ್ಪು ಪಟ್ಟಿಯ ಕೆಳಗಿಂದ ನೀರು ಇಳಿದು ಮೀಸೆಯೊಳಗೆ ಹೋಗುತ್ತಿತ್ತು. ತನ್ನ ದನಿ ತನಗೇ ಕೇಳದ ಮನುಷ್ಯನಂತೆ ಅವನು ಅರಚುತ್ತಿದ್ದ. ಮುಖದಲ್ಲಿ ಮಾತ್ರ ಹಾಲು ಕುಡಿದು ಮಲಗಿದ ಕೂಸಿನ ಕಳೆ ಇತ್ತು.

“ತಾಸು ಮುಗೀತ್ರಿ,” ಎಂದಳು ತಹಸೀನ್, ಅವನಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ. ಗುಂಡಿ ಬಿಚ್ಚಿದಳು.

ವಿರೂಪಾಕ್ಷಿ ಏಟು ಬಿದ್ದವನ ಹಾಗೆ ಎರಡೂ ಕಿವಿ ಮುಚ್ಚಿಕೊಂಡ.

“ಬಂತು. ಮತ್ತ ಸುರು ಆತು.”

“ಏನು?”

“ಕಿವ್ಯಾಗಿನ ಮಗ್ಗ್ರಿ. ಒಂದ ತಾಸು ನಿಂತಿತ್ತು. ಹುಡುಗ ಇದ್ದಾಗಿಂದ ಇವತ್ತ ಮೊದಲ ಸಲ ನಿಂತಿತ್ತು, ತಹಸೀನಬಾಯಾರ. ನಿಮಗ ಹೆಂಗ ಹೇಳ್ಲಿ ಅದನ್ನ?”

ಉತ್ತರಕ್ಕೆ ಕಾಯದೆ ಎದ್ದ. ಅವನು ಒಂಬತ್ತನೇ ವಾರ್ಡಿನ ಸಭೆಯ ಸಂಚಾಲಕ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಯಜಮಾನ, ನಾಲ್ಕು ಜನರೆದುರು ಅತ್ತು ಗೊತ್ತಿಲ್ಲದವನು. ಬಾಗಿಲು ತಳ್ಳಿಕೊಂಡು ಹೋದವನೇ ಗಾಜಿನ ಆಚೆ ಬೆಂಚಿನ ಮೇಲೆ ಕೂತಿದ್ದ ಹೆಂಗಸಿನ ಎರಡೂ ಕೈ ಹಿಡಿದು, ಅವಕ್ಕೆ ಹಣೆ ಹಚ್ಚಿ, ಏನೇನೋ ಹೇಳತೊಡಗಿದ.

ಅವಳು ಬನವ್ವ. ವಿರೂಪಾಕ್ಷಿ ಈಗಷ್ಟೇ ತೊಟ್ಟು ಬಿಚ್ಚಿದ್ದು ಅವಳ ಮೈಯನ್ನು. ಅವನ ಬಾಗಿದ ತಲೆಯನ್ನು ಸ್ವಲ್ಪ ಹೊತ್ತು ನೋಡಿ ಅವಳು ತಹಸೀನಳ ಕಡೆ ಮುಖ ಎತ್ತಿದಳು.

“ಏನ ಅಂತಾನ?”

“ನೀವು ಪುಣ್ಯವಂತರಂತ,” ಎಂದಳು ತಹಸೀನ್, ಬಾಯಿ ಬಿಡಿಸಿ.

“ಯಾರು?”

“ನೀವು.”

ಬನವ್ವ ಹಿಂದೆ ತಿರುಗಿ ನೋಡಿದಳು. ಅಲ್ಲಿ ಗೋಡೆ ಇತ್ತು.

*

ನೂಲಗೇರಿಯ ಒಂಬತ್ತನೇ ವಾರ್ಡಿನಲ್ಲಿ ಯಾರ ಅರ್ಜಿಯನ್ನೂ ಬರೀ ಮಾತಿನ ಮೇಲೆ ತೀರ್ಮಾನಿಸುತ್ತಿರಲಿಲ್ಲ. ಮಾತು ಬಲ್ಲವನು ಗೆಲ್ಲುತ್ತಾನೆ, ಬಾರದವನು ಸೋಲುತ್ತಾನೆ. ಅದನ್ನು ಎಲ್ಲ ಊರುಗಳೂ ಸಾಕಷ್ಟು ನೋಡಿದ್ದವು. ಇಲ್ಲಿ ಮೊದಲು ಮೈ ತೊಡಬೇಕು.

ಹಳೇ ಜಕಾತಿ ಕಟ್ಟೆಯ ಕಟ್ಟಡದಲ್ಲಿ ವಾರ್ಡಿನ ಯೋಜನಾ ಕೇಂದ್ರವಿತ್ತು. ತಹಸೀನ್ ನಡೆಸುತ್ತಿದ್ದ ಅಲ್ಲಿನ ಯಂತ್ರಕ್ಕೆ ಪಡಿಮೈ ಎಂದು ಹೆಸರು. ತೆಳ್ಳಗಿನ ಒಂದು ಅಂಗಿ, ಒಂದು ಕೊರಳಪಟ್ಟಿ, ಹಣೆಯಿಂದ ಕಿವಿಯ ಹಿಂದೆ ಹಾಯುವ ಒಂದು ಪಟ್ಟಿ. ಅರ್ಜಿ ಕೊಟ್ಟವರು ತಮ್ಮ ದಿನದ ಒಂದು ತಾಸು ಅದನ್ನು ತೊಟ್ಟು ತಿರುಗುತ್ತಾರೆ. ಎದೆಬಡಿತ, ಉಸಿರು, ಬೆವರು, ಸ್ನಾಯುವಿನ ಎಳೆತ, ಕಿವಿಯ ನರದಲ್ಲಿ ಹರಿದದ್ದು, ಎಲ್ಲ ಅಚ್ಚಾಗುತ್ತದೆ. ಆಮೇಲೆ ಚೀಟಿ ಎತ್ತಿ, ಹೆಸರು ಬಂದ ನೆರೆಹೊರೆಯವರು ಕಣ್ಣು ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು ಆ ತಾಸನ್ನು ತಮ್ಮ ಮೈಯಲ್ಲಿ ಪಡೆಯುತ್ತಾರೆ. ಯಂತ್ರ ಮನಸ್ಸನ್ನು ಓದುವುದಿಲ್ಲ. ಓದದಿರುವುದೇ ಅದರ ಹೆಚ್ಚುಗಾರಿಕೆ ಎಂದು ತಹಸೀನಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮನಸ್ಸು ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ.

ಅದು ನಿಜವೂ ಆಗಿತ್ತು. ರೈಲು ಗೇಟಿನ ರಸ್ತೆಯಲ್ಲಿ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದ ಬಸುರಿಯ ಒಂದು ತಾಸನ್ನು ತೊಟ್ಟ ಗಂಡಸರು ಬಿಳುಚಿಕೊಂಡು ಹೊರಗೆ ಬಂದಿದ್ದರು. ಮುಂದಿನ ವಾರ ಡಾಂಬರು ಬಿತ್ತು. ಗಟಾರದ ಬದಿಯ ಮನೆಯ ಹುಡುಗಿಯ ಉಸಿರನ್ನು ಎಳೆದು ನೋಡಿದವರು ಗಟಾರಕ್ಕೆ ತಾವೇ ಹಾರೆ ತಂದರು. ದವಾಖಾನೆ ಬಂತು. ಕುಂಟುವವರಿಗೆ ನೀರು ಮನೆ ಬಾಗಿಲಿಗೆ ಬಂತು. ಬೇರೆ ಊರಿನವರು ವ್ಯಾನು ಮಾಡಿಕೊಂಡು ಈ ವಾರ್ಡನ್ನು ನೋಡಲು ಬರುತ್ತಿದ್ದರು.

ಎಲ್ಲಕ್ಕಿಂತ ದೊಡ್ಡದು ಸದ್ದಿನ ತೀರ್ಮಾನ. ಒಂಬತ್ತನೇ ವಾರ್ಡೆಂದರೆ ವಿದ್ಯುತ್ ಮಗ್ಗಗಳ ವಾರ್ಡು. ಶೆಡ್ಡಿಗೆ ಅಂಟಿ ಮನೆ, ಮನೆಗೆ ಅಂಟಿ ಶೆಡ್ಡು. ಲಾಳಿ ಬಡಿಯುವ ಸದ್ದಿನಲ್ಲಿ ಜನ ಹುಟ್ಟಿ, ಅದರಲ್ಲೇ ಕಿವುಡಾಗಿ, ಅದರಲ್ಲೇ ಸಾಯುತ್ತಿದ್ದರು. ಎರಡು ವರ್ಷದ ಹಿಂದೆ ಒಬ್ಬ ಬಾಣಂತಿಯ ತಾಸನ್ನು ತೊಟ್ಟ ಮೇಲೆ, ಮಗು ಬೆಚ್ಚಿದಾಗಲೆಲ್ಲ ಆ ಎದೆ ಹೇಗೆ ಹಾರುತ್ತದೆಂದು ತಿಳಿದ ಮೇಲೆ, ಇಡೀ ವಾರ್ಡು ಕೈ ಎತ್ತಿತು. ಒಂದೊಂದೇ ಶೆಡ್ಡಿಗೆ ಸದ್ದಿಲ್ಲದ ಮಗ್ಗ ಬಂತು. ಲಾಳಿಯ ಜಾಗದಲ್ಲಿ ಗಾಳಿ ನೂಲನ್ನು ಒಯ್ಯುತ್ತಿತ್ತು. ಕೂಸುಗಳು ಮಧ್ಯಾಹ್ನ ಮಲಗಿದವು.

ಆಮೇಲೆ ಯಾರೂ ಎಣಿಸದ ಎರಡು ಸಂಗತಿಗಳು ನಡೆದವು. ಹೊರಗಿನ ಮಗ್ಗ ನಿಂತ ಮೇಲೆ ಜನರಿಗೆ ಒಳಗಿನ ಮಗ್ಗ ಕೇಳತೊಡಗಿತು. ಕಿವಿಯೊಳಗೆ ಖಟಪಟ, ಖಟಪಟ. ಮೊದಲೂ ಇತ್ತು, ಆದರೆ ಅದನ್ನು ಮುಚ್ಚುವಷ್ಟು ಗದ್ದಲ ಹೊರಗಿತ್ತು. ದವಾಖಾನೆಯಲ್ಲಿ ಅದಕ್ಕೆ ಮದ್ದಿರಲಿಲ್ಲ.

ಎರಡನೆಯದು, ಮಗ್ಗದ ಮಾತು ಹೋಯಿತು.

ಶೆಡ್ಡಿನ ಆ ಸದ್ದಿನಲ್ಲಿ ದನಿ ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ನೇಕಾರರು ದನಿ ಇಲ್ಲದೆ, ತುಟಿ ಅಗಲಿಸಿ, ಹುಬ್ಬು ಕುಣಿಸಿ, ಎರಡು ಬೆರಳು ಆಡಿಸಿ ಮಾತಾಡುತ್ತಿದ್ದರು. ಈ ತುದಿಯವಳು ಆ ತುದಿಯವಳಿಗೆ ನಿನ್ನೆಯ ಸಾರಿನ ರುಚಿಯಿಂದ ಹಿಡಿದು ಅತ್ತೆಯ ಕಾಟದವರೆಗೆ ಎಲ್ಲ ಹೇಳಬಲ್ಲಳು. ಅಲ್ಲಿ ಬನವ್ವನಷ್ಟು ಚುರುಕಾಗಿ ತುಟಿ ಓದುವವರು ಇರಲಿಲ್ಲ. ಅವಳ ಕಿವಿಯ ನರ ಪೂರ್ತಿ ಸತ್ತದ್ದು ಯಾವಾಗ ಎಂದು ಅವಳಿಗೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೇ ಬಿದ್ದಿರಲಿಲ್ಲ. ಶೆಡ್ಡುಗಳು ಮೌನವಾದ ಮೇಲೆ ಜನ ಗಂಟಲಿನಿಂದ ಮಾತಾಡಲು ಕಲಿತರು. ತುಟಿ ಸಣ್ಣದಾಯಿತು. ಮುಖ ಬೇರೆ ಕಡೆ ತಿರುಗಿದ್ದರೂ ಮಾತು ನಡೆಯತೊಡಗಿತು. ದವಾಖಾನೆ ಎಲ್ಲರಿಗೂ ಕಿವಿಯ ಯಂತ್ರ ಕೊಟ್ಟಿತು; ಸತ್ತ ನರಕ್ಕೆ ಅದು ಹತ್ತಲಿಲ್ಲ.

ಈಗ ಹಳೇ ಮಗ್ಗದ ಒಂದೇ ಶೆಡ್ಡು ಉಳಿದಿತ್ತು, ವಾರ್ಡಿನ ಅಂಚಿನ ಹುಣಸಿಕಟ್ಟಿಯವರದು. ಬನವ್ವ ದುಡಿಯುತ್ತಿದ್ದುದು ಅಲ್ಲೇ. ಅದನ್ನೂ ಬದಲಿಸುವ ದಿನ ಹತ್ತಿರವಾಗಿತ್ತು. ಆ ಒಂದನ್ನು ಹಾಗೇ ಬಿಡಿ ಎಂಬುದು ಬನವ್ವನ ಅರ್ಜಿ. ಸದ್ದು ಬೇಕು ಎಂದು ವಾರ್ಡಿಗೆ ಬಂದ ಮೊದಲ ಅರ್ಜಿ ಅದು. ನಿಯಮದ ಪ್ರಕಾರ ಅವಳ ಒಂದು ತಾಸನ್ನು, ಶೆಡ್ಡಿನ ಕೆಲಸವಿಲ್ಲದ ಒಂದು ಮಧ್ಯಾಹ್ನ ಮನೆಯಲ್ಲಿ ಕೂತದ್ದನ್ನು, ಅಚ್ಚು ಮಾಡಿಕೊಂಡರು.

ತೊಟ್ಟವರೆಲ್ಲ ಅತ್ತರು. ಬಾಬಿನ್ನು ಮಾರುವ ಮುದುಕನೊಬ್ಬ ಕುರ್ಚಿಯಲ್ಲೇ ನಿದ್ದೆ ಹೋಗಿ, ಎಬ್ಬಿಸಿದ್ದಕ್ಕೆ ತಹಸೀನಳನ್ನು ಬೈದು ಹೋದ. ಸತ್ತ ನರದಲ್ಲಿ ಮಗ್ಗವಿರಲಿಲ್ಲ; ಅದನ್ನು ತೊಟ್ಟಷ್ಟು ಹೊತ್ತು ಅವರ ಕಿವಿಯ ಮಗ್ಗವೂ ನಿಲ್ಲುತ್ತಿತ್ತು.

*

“ಏನಂತ?” ಬನವ್ವ ಕೇಳಿದಳು.

ಅವಳ ಗಂಡ ಗುರುಸಿದ್ದ ಹೊರಸಿನ ಮೇಲೆ ಮಲಗಿ ಫೋನಿನಲ್ಲಿ ಮಾತಾಡುತ್ತ ನಗುತ್ತಿದ್ದ. ಹೊಟ್ಟೆ ಕುಣಿಯುತ್ತಿತ್ತು. ಫೋನು ಕೆಳಗಿಟ್ಟು ಅವಳ ಕಡೆ ನೋಡಿ, “ಏನಿಲ್ಲ,” ಎಂದ.

ಈ ಎರಡು ವರ್ಷದಲ್ಲಿ ಆ ಮನೆಯಲ್ಲಿ ಅವಳು ಅತಿ ಹೆಚ್ಚು ಓದಿದ ಮಾತು ಅದೇ.

“ನಕ್ಕಿ ಅಲ್ಲ?”

“ಬಸು ಒಂದ ಚಾಷ್ಟಿ ಹೇಳಿದ.”

“ಏನ ಚಾಷ್ಟಿ?”

ಗುರುಸಿದ್ದ ಎದ್ದು ಕೂತು ಹೇಳತೊಡಗಿದ. ಒಬ್ಬ ಸಾವಕಾರ ಇದ್ದನಂತೆ, ಅವನಿಗೆ ಮೂರು ಮಂದಿ ಅಳಿಯಂದಿರಂತೆ. ಮೂರನೇ ಅಳಿಯನ ಹತ್ತಿರ ಬರುವಷ್ಟರಲ್ಲಿ ಹೊರಗಿನಿಂದ ಯಾರೋ ಕರೆದಿರಬೇಕು, ಅವನು ಬಾಗಿಲ ಕಡೆ ತಿರುಗಿದ. ಬಾಯಿ ಆಡುತ್ತಲೇ ಇತ್ತು. ಚಾಷ್ಟಿಯ ಕೊನೆ ಬಾಗಿಲ ಕಡೆ ಹೋಯಿತು. ಬಾಗಿಲಲ್ಲಿ ನಿಂತವನು ನಕ್ಕ.

ಅವನು ಕೆಟ್ಟವನಲ್ಲ. ಮೊದಲ ಕೆಲವು ತಿಂಗಳು ಮನೆಯಲ್ಲೂ ಮಗ್ಗದ ಮಾತು ಆಡಿದ್ದ. ಆದರೆ ಸದ್ದಿಲ್ಲದ ಕಡೆ ಬಾಯಿ ಅಷ್ಟಗಲ ತೆರೆದರೆ ಮನುಷ್ಯ ಕೋತಿಯ ಹಾಗೆ ಕಾಣುತ್ತಾನೆ. ಓಣಿಯ ಮಕ್ಕಳು ಕಿಟಕಿಯಲ್ಲಿ ನಿಂತು ಅಣಕಿಸಿದವು. ಬರಬರುತ್ತ ಅವನ ವಾಕ್ಯಗಳು ಗಿಡ್ಡವಾದವು. ಆಮೇಲೆ ಊಟಕ್ಕೆ, ಚಹಾಕ್ಕೆ, ಹೋಗಿಬರುವುದಕ್ಕೆ ಬೇಕಾದಷ್ಟೇ ಉಳಿದವು. ಒಂದು ಕಾಲದಲ್ಲಿ ಇದೇ ಮನುಷ್ಯ ನಾಲ್ಕು ಮಗ್ಗಗಳ ಆಚೆಯಿಂದ ‘ನನ್ನ ಮದುವಿ ಆಗ್ತಿ?’ ಎಂದು ಕೇಳಿದ್ದ. ಶೆಡ್ಡಿನಲ್ಲಿ ಗುಟ್ಟು ಎಂಬುದಿರಲಿಲ್ಲ. ಎಲ್ಲರೂ ಓದಿ, ಅವಳು ಏನನ್ನುತ್ತಾಳೋ ಎಂದು ಮಗ್ಗ ಬಿಟ್ಟು ನಿಂತಿದ್ದರು.

ಬಾಗಿಲಿನವನು ಹೋದ ಮೇಲೆ ಬನವ್ವ ಗಂಡನ ಎದುರು ಬಂದು ಕೂತಳು.

“ಸಭಾದಾಗ ನೀ ನನ್ನ ಕಡೆ ಕೈ ಎತ್ತೂದಿಲ್ಲಂತ?”

ಗುರುಸಿದ್ದ ನೆಲ ನೋಡಿದ. ಆಮೇಲೆ ಮುಖ ಎತ್ತಿ, ಹಳೆಯ ಹಾಗೆ, ದನಿ ಇಲ್ಲದೆ, ತುಟಿ ಪೂರ್ತಿ ಬಿಡಿಸಿ ಮಾತಾಡಿದ.

“ನನಗ ನಿದ್ದಿ ಹತ್ತಾಕತ್ತೈತಿ, ಬನೂ. ಎದಿ ಹಾರೂದ ನಿಂತೈತಿ. ಆ ಶೆಡ್ಡ ಹಂಗ ಇಟ್ರ ನಾಳೆ ಇನ್ನೊಬ್ಬ ಸಾವಕಾರ ನಂದೂ ಇರ್ಲಿ ಅಂತಾನ. ಹಳೇ ಮಗ್ಗ ಅಗ್ಗ ಬೀಳತೈತಿ ಅವರಿಗೆ. ಮತ್ತ ಅದ ನರಕ. ನಿನಗ ಕೇಳೂದಿಲ್ಲ, ನಮಗ ಕೇಳತೈತಿ.”

ತಿಂಗಳುಗಳ ಮೇಲೆ ಅವನು ಅವಳ ಜೊತೆ ಆಡಿದ ಅತಿ ಉದ್ದದ ಮಾತು ಅದು. ಒಂದಕ್ಷರವೂ ತಪ್ಪದೆ ಓದಿದಳು. ಅದರಲ್ಲಿ ಸುಳ್ಳು ಇರಲಿಲ್ಲ.

“ಶೆಡ್ಡಿನ್ಯಾಗ ಜೈತುನ ಇರ್ತಾಳ,” ಎಂದಳು. “ಮಾತಾಡತೀವಿ.”

“ಜೈತುನಳ ಮನಿಗೆ ಹೋಗಿ ಮಾತಾಡು.”

“ಮನ್ಯಾಗ ಅಕಿನೂ ನಿಮ್ಮಂಗ ಆಗ್ತಾಳ.”

*

ಅರ್ಜಿದಾರರಿಗೆ ಇನ್ನೊಂದು ತಾಸು ಕೊಡುವ ಹಕ್ಕು ಇತ್ತು. ಮನೆಯ ತಾಸನ್ನು ತೊಟ್ಟು ಎಲ್ಲರೂ ನನ್ನನ್ನು ಪುಣ್ಯವಂತೆ ಎನ್ನುವುದಾದರೆ ಶೆಡ್ಡಿನ ತಾಸನ್ನು ತೊಡಲಿ, ಯಾವುದು ಸುಖ ಅಂತ ತಿಳಿಯುತ್ತದೆ ಎಂದಳು ಬನವ್ವ. ತಹಸೀನಳಿಗೂ ಅದು ಸರಿ ಅನ್ನಿಸಿತು. ಪಡಿಮೈ ಹೊತ್ತುಕೊಂಡು ತಾನೇ ಹುಣಸಿಕಟ್ಟಿ ಶೆಡ್ಡಿಗೆ ಹೋದಳು.

ಬಾಗಿಲು ದಾಟಿದ ಕೂಡಲೇ ಸದ್ದು ಅವಳ ಎದೆಗೂಡಿಗೆ ಗುದ್ದಿತು. ಧೂಳಿನ ಹಾಗೆ ಹತ್ತಿ ಹಾರುತ್ತಿತ್ತು. ಬನವ್ವನಿಗೆ ಅಂಗಿ ತೊಡಿಸಿ, ಕೊರಳಪಟ್ಟಿ ಬಿಗಿದು, ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಳು. ಅಲ್ಲಿಂದ ಅವಳು ಕಂಡದ್ದು ಬೇರೆ ಹೆಂಗಸನ್ನು. ಬೆಂಚಿನ ಮೇಲೆ ಮಡಿಕೆ ಹಾಕಿಟ್ಟಂತೆ ಕೂರುತ್ತಿದ್ದವಳು ಇಲ್ಲಿ ಎರಡು ಮಗ್ಗಗಳ ನಡುವೆ ಹಾರಾಡುತ್ತ, ಹರಿದ ಎಳೆ ಕಟ್ಟುತ್ತ, ಆಚೆ ತುದಿಯ ಜೈತುನಬಿಯ ಕಡೆ ಬಾಯಿ ಮಾಡುತ್ತಿದ್ದಳು. ಜೈತುನಬಿ ಹಲ್ಲಿಲ್ಲದ ದಪ್ಪ ಹೆಂಗಸು. ಅವಳ ಮುಖದಲ್ಲಿ ತುಟಿ ಒಂದೇ ಅಲ್ಲ, ಕೆನ್ನೆ, ಮೂಗು, ಗದ್ದ ಎಲ್ಲವೂ ಮಾತಾಡುತ್ತಿದ್ದವು.

‘ವಿರೂಪಾಕ್ಷಿ ಅತ್ತನಂತಲ್ಲ?’ ಎಂದಳು ಜೈತುನಬಿ. ‘ನಿನ್ನ ಮೈಯಾಗ ಹೊಕ್ಕ?’

‘ಹೊರಗ ತಗ್ಯಾಕ ಆ ಹುಡುಗಿಗೆ ಸಾಕಾತಂತ.’

‘ನಿನ್ನ ಗಂಡಗ ಗೊತ್ತೈತೇನು?’

‘ಗೊತ್ತಾದ್ರ ಏನ ಮಾಡ್ಯಾನ? ಏನಿಲ್ಲ ಅಂತಾನ.’

‘ನನ್ನ ಮೈ ಕೊಟ್ರ ಯಾರರ ಅಳ್ತಾರೇನ?’

‘ನಿಂದ ತೊಡಾಕ ದೊಡ್ಡ ಅಂಗಿ ಹೊಲಿಸಬೇಕ!’

ಇಬ್ಬರೂ ಮಗ್ಗ ಹಿಡಿದುಕೊಂಡು ನಕ್ಕರು. ತಹಸೀನಳಿಗೆ ಒಂದು ಮಾತೂ ತಿಳಿಯಲಿಲ್ಲ. ವಿಜಾಪುರದಿಂದ ಈ ಊರಿಗೆ ಬಂದ ಮೇಲೆ ತನ್ನೆದುರಿಗೆ ಯಾರಾದರೂ ಹೀಗೆ ನಕ್ಕದ್ದು ಇದೇ ಮೊದಲು ಎಂಬುದಷ್ಟೇ ಹೊಳೆಯಿತು.

ಆ ತಾಸನ್ನು ತೊಟ್ಟವರ ಗತಿ ಬೇರೆಯಾಯಿತು. ಚೀಟಿಯಲ್ಲಿ ಹೆಸರು ಬಂದ ಮೊದಲನೆಯವಳು ಅರ್ಧಕ್ಕೇ ಕೈ ಬಡಿದು ಬಿಚ್ಚಿಸಿಕೊಂಡಳು. ಎರಡನೆಯವನು ಹೊರಗೆ ಓಡಿ ವಾಂತಿ ಮಾಡಿಕೊಂಡ. ಕಿವಿಗೆ ಏನೂ ಬರುವುದಿಲ್ಲ, ಆದರೆ ಅಂಗಾಲಿನಿಂದ, ಹಲ್ಲಿನಿಂದ, ಎಲುಬಿನಿಂದ ಮಗ್ಗ ಒಳಗೆ ಬರುತ್ತದೆ. ಸೊಂಟ ಸೀಳುತ್ತದೆ. ಎದೆ ಓಡುತ್ತದೆ, ಬೆವರು ಕಣ್ಣಿಗೆ ಇಳಿಯುತ್ತದೆ. ಆ ಎದೆ ಓಡಿದ್ದು ನಗೆಗೋ ದುಡಿಮೆಗೋ ಎಂದು ಬರೀ ಎದೆಬಡಿತ ಹೇಳುವುದಿಲ್ಲ.

“ನರಕ,” ಎಂದ ವಿರೂಪಾಕ್ಷಿ, ತಾನೂ ತೊಟ್ಟು ಬಿಚ್ಚಿ ಬೆವರು ಒರೆಸಿಕೊಳ್ಳುತ್ತ. “ಅಂಥಾ ಮನಿ ಬಿಟ್ಟ ಇಂಥಾ ಜಾಗಾದಾಗ ಇರ್ತೀನಿ ಅಂತಾಳಲ್ರಿ. ಅಕಿಗೆ ಅಕಿ ಮ್ಯಾಲ ದಯಾ ಇಲ್ಲ. ನಾವರ ತೋರಸಬೇಕು.”

ಅವನು ನಿಜವಾಗಿಯೂ ಕಳವಳಪಟ್ಟಿದ್ದ.

ಎಲ್ಲರೂ ಹೋದ ಮೇಲೆ ತಹಸೀನ್ ಬಾಗಿಲು ಹಾಕಿ, ಮೊದಲ ತಾಸನ್ನು, ಮನೆಯ ಮಧ್ಯಾಹ್ನವನ್ನು, ತಾನೇ ತೊಟ್ಟಳು. ಕೇಂದ್ರದವರು ತೊಡಬಾರದೆಂದು ನಿಯಮವಿರಲಿಲ್ಲ. ತೊಡಬೇಕು ಅನ್ನಿಸಿದ್ದು ಮಾತ್ರ ಮೊದಲ ಸಲ. ಅವಳ ಕಿವಿಯಲ್ಲಿ ಯಾವ ಮಗ್ಗವೂ ಇರಲಿಲ್ಲ, ಹಾಗಾಗಿ ನಿಲ್ಲಲು ಏನೂ ಇರಲಿಲ್ಲ. ಸುತ್ತ ಗೋಡೆ ಎದ್ದ ಹಾಗಷ್ಟೇ ಆಯಿತು. ನಿಧಾನವಾದ ಉಸಿರು. ನಿಧಾನವಾದ ಎದೆ. ಸಡಿಲ ಬಿಟ್ಟ ಭುಜ. ಸಂತೆ ಮುಗಿದ ಮೇಲೆ ಉಳಿದ ಚೀಲದ ಹಾಗೆ ಒಂದು ಮೈ.

ಕುತ್ತಿಗೆ ಎಡಕ್ಕೆ ತಿರುಗಿತು. ಮರಳಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಿರುಗಿತು. ಮತ್ತೆ. ಎಡಕ್ಕೇ. ಬನವ್ವನ ಮನೆಯಲ್ಲಿ ಅವಳು ಕೂರುವ ಜಾಗದ ಎಡಕ್ಕೆ ಏನಿದೆ ಎಂದು ತಹಸೀನ್ ನೆನಪಿಸಿಕೊಂಡಳು. ಅಂಗಿ ತೊಡಿಸಲು ಹೋದಾಗ ನೋಡಿದ್ದಳು. ಬಾಗಿಲು.

ಮರುದಿನ ವಿರೂಪಾಕ್ಷಿಯನ್ನು ಪರದೆಯ ಮುಂದೆ ಕೂರಿಸಿ ಆ ತಾಸಿನ ಗೆರೆ ತೋರಿಸಿದಳು.

“ಅಕಿ ಕುತ್ತಿಗಿ ನೋಡ್ರಿ. ಘಳಿಗಿಗೊಮ್ಮೆ ತಿರಗತೈತಿ.”

“ನೇಕಾರರ ಕುತ್ತಿಗಿ ಅಲ್ಲೇನ್ರಿ?” ಅವನು ನಕ್ಕ. “ಒಂದ ಮಗ್ಗ ನಡಸ್ಕೋತ ಬಾಜೂ ಮಗ್ಗದಾಗ ಎಳಿ ಹರದೈತೇನಂತ ನೋಡೂದು. ನಂದೂ ತಿರಗತೈತಿ. ಹೆಣಾ ಆಗಿ ಸಿದಿಗಿ ಮ್ಯಾಲ ಮಲಗಿದ್ರೂ ನಮ್ಮದ ತಿರಗತೈತಿ. ನೀವು ಹೊರಗಿನವರು, ಗೊತ್ತಾಗಂಗಿಲ್ಲ. ನಮಗ ಅದು ತಿರಗಿದ್ದು ಗೊತ್ತೂ ಆಗ್ಲಿಲ್ಲ.”

“ಅಕಿ ಮನ್ಯಾಗ ಮಗ್ಗ ಎಲ್ಲೈತ್ರಿ?”

“ಚಟಾ ಹೋಗಂಗಿಲ್ಲ.”

“ಚಟಾ ಅಲ್ರಿ. ಅಕಿಗೆ ಹೆಜ್ಜಿ ಕೇಳಂಗಿಲ್ಲ. ಬಾಗಿಲದಾಗ ಯಾರರ ಬಂದಾರೇನಂತ ತಿರಗಿ ತಿರಗಿ ನೋಡಾಕತ್ತಾಳ.”

ವಿರೂಪಾಕ್ಷಿ ಗೆರೆಯನ್ನು ದಿಟ್ಟಿಸಿದ. ಯೋಚಿಸಿಯೇ ಹೇಳಿದ.

“ಆ ಹೊತ್ತಿನ್ಯಾಗ ಅಲ್ಲಿ ಯಾರೂ ಬರಂಗಿಲ್ಲಲ್ರಿ. ಅದಕ ಅಷ್ಟ ನೆಮ್ಮದಿ ಐತಿ.”

ತಹಸೀನ್ ಸಭೆಗೆ ತನ್ನ ಅಭಿಪ್ರಾಯ ಕಳಿಸಿದಳು. ದಣಿದು ಬಿಟ್ಟುಕೊಟ್ಟ ಮೈಗೂ ವಿಶ್ರಾಂತಿಯ ಮೈಗೂ ಗೆರೆ ಒಂದೇ ಆಗಿ ಬರುತ್ತದೆ, ಈ ಯಂತ್ರಕ್ಕೆ ಎರಡರ ಭೇದ ತಿಳಿಯುವುದಿಲ್ಲ ಎಂದು. ಸಭೆ ಅದನ್ನು ಓದಿ, ಅಭಿಪ್ರಾಯಕ್ಕಿಂತ ಮೈ ದೊಡ್ಡದು ಎಂದಿತು. ಅದು ಆ ವಾರ್ಡು ಕಟ್ಟಿಕೊಂಡಿದ್ದ ನಿಯಮ. ಅದರಿಂದಲೇ ರಸ್ತೆ ಬಂದಿತ್ತು.

ಅವಳು ಅದನ್ನು ಬನವ್ವನಿಗೂ ಹೇಳಿದಳು, ಬೆಂಚಿನ ಮೇಲೆ ಎದುರುಬದುರು ಕೂತು, ಒಂದೊಂದೇ ಮಾತು ಬಿಡಿಸಿ. ಜನ ಅವಳ ಮನೆಯ ಮಧ್ಯಾಹ್ನದಲ್ಲಿ ಏನು ಕಂಡರು ಎಂಬುದನ್ನು. ಬನವ್ವ ಪೂರ್ತಿ ಓದಿ ನಕ್ಕಳು.

“ನನ್ನ ಮನ್ಯಾಗ ಅಷ್ಟ ಸುಖಾ ಐತಿ ಅಂತ ನನಗ ಯಾರೂ ಹೇಳೇ ಇಲ್ಲ ನೋಡ, ತಂಗಿ.”

*

ಸಭೆ ಸೇರಿದ್ದು ಹೊಸ ಶೆಡ್ಡೊಂದರ ಅಂಗಳದಲ್ಲಿ. ಮಗ್ಗಗಳು ಒಳಗೆ ನಡೆಯುತ್ತಿದ್ದವು. ಗೋಡೆಗೆ ಕಿವಿ ಹಚ್ಚಿದರೂ ತಿಳಿಯುತ್ತಿರಲಿಲ್ಲ. ಬನವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಿಂದೆ ಕೂತವರು ಏನನ್ನುತ್ತಿದ್ದಾರೆಂದು ತಿಳಿಯಲು ಘಳಿಗೆಗೊಮ್ಮೆ ತಿರುಗುತ್ತಿದ್ದಳು. ಸದ್ದಿನ ಶೆಡ್ಡು ಉಳಿಯಲಿ ಎನ್ನುವವರು ಕೈ ಎತ್ತಿ ಎಂದಾಗ ಜೈತುನಬಿ ಒಬ್ಬಳೇ ಎತ್ತಿದಳು. ಇನ್ನೊಂದು ಕೈಯಲ್ಲಿ ಅವಳ ಮೊಮ್ಮಗಳು ನಿದ್ದೆ ಮಾಡುತ್ತಿದ್ದಳು. ಬೇಡ ಎನ್ನುವವರು ಎತ್ತಿ ಎಂದಾಗ ಗುರುಸಿದ್ದ ಹೆಂಡತಿಯ ಕಡೆ ನೋಡದೆ ಎತ್ತಿದ.

ಅಲ್ಲಿಗೆ ಅರ್ಜಿ ಮುಗಿಯಿತು. ಜನ ಏಳಲಿಲ್ಲ. ವಿರೂಪಾಕ್ಷಿ ಒಂದು ಶಾಲು, ಒಂದು ತಟ್ಟೆ ಹಣ್ಣು ಹಿಡಿದು ಬನವ್ವನ ಎದುರು ಬಂದು ನಿಂತ. ಈ ಸಲ ತಲೆ ತಗ್ಗಿಸಲಿಲ್ಲ. ಅವಳಿಗೆ ತಿಳಿಯಲೆಂದು ತುಟಿ ಬಿಡಿಸಿಯೇ ಮಾತಾಡಿದ.

“ಬನವ್ವ, ನಿಯಮದ ಪ್ರಕಾರ ತೀರ್ಮಾನ ಆದ ಮ್ಯಾಲ ನಿನ್ನ ತಾಸು ಅಳಿಸಬೇಕು. ಇಟ್ಕೋಬೇಕಂದ್ರ ನೀ ಹೂಂ ಅನ್ನಬೇಕು. ಈ ವಾರ್ಡಿನ್ಯಾಗ ಕಿವ್ಯಾಗ ಮಗ್ಗ ಇಲ್ಲದ ಮನಿ ಇಲ್ಲ. ಡಾಕ್ಟರ್ ಹತ್ರ ಔಷಧ ಇಲ್ಲ. ನಿನ್ನ ಹತ್ರ ಐತಿ.”

ಬನವ್ವ ಓದುತ್ತಿದ್ದಳು.

“ಹುಣಸಿಕಟ್ಟಿ ಶೆಡ್ಡಿನ ಜಾಗಾದಾಗ ನೆಮ್ಮದಿ ಕೋಣಿ ಕಟ್ಟಸ್ತೀವಿ. ನಿನ್ನ ಹೆಸರ ಇಡ್ತೀವಿ. ನೀ ಇನ್ನ ದುಡೀಬ್ಯಾಡ. ಊಟ, ಬಟ್ಟಿ, ಎಲ್ಲಾ ವಾರ್ಡ ನೋಡ್ಕೋತೈತಿ. ನೀ ಮಾಡೂದು ಏನೂ ಇಲ್ಲ. ಮಧ್ಯಾಹ್ನ ಸುಮ್ಮ ನಿನ್ನ ಮನ್ಯಾಗ ಕುಂದರೂದು. ಪಾಳಿ ಪ್ರಕಾರ ನಾವೆಲ್ಲ ತೊಡತೀವಿ. ತಿಳಿ, ಇಡೀ ವಾರ್ಡ ದಿನಾ ನಿನ್ನ ಮೈಯಾಗ ಬಂದ ಹೋಗತೈತಿ.”

“ಒಂದ ಸಲದ್ದು ಐತಲ್ಲ,” ಎಂದಳು ಬನವ್ವ. “ದಿನಾ ಯಾಕ?”

ವಿರೂಪಾಕ್ಷಿ ತಹಸೀನಳ ಕಡೆ ನೋಡಿದ. ಉತ್ತರ ಹೇಳುವುದು ಅವಳ ಕೆಲಸ. ಅವಳು ಎದ್ದು ಬನವ್ವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಒಂದ ತಾಸನ್ನ ನಾಕ ಸಲ ತೊಟ್ರ ಮೈ ಅದಕ್ಕ ಹೊಂದಿಬಿಡತೈತಿ, ಕೆಲಸಾ ಮಾಡಂಗಿಲ್ಲ. ಹೊಸಾದು ಬೇಕಾಗತೈತಿ. ಮತ್ತ...” ನಿಂತಳು. ಹೇಳದೆ ಬಿಡಬಹುದಿತ್ತು. “ಆ ಹೊತ್ತಿನ್ಯಾಗ ನಿಮ್ಮ ಹಂತ್ಯಾಕ ಯಾರೂ ಬರೂಹಂಗಿಲ್ಲ. ಯಾರರ ಬಂದ್ರ ನಿಮ್ಮ ಎದಿ ಜೋರ ಆಗತೈತಿ. ಗೆರಿ ಕೆಡತೈತಿ.”

“ಯಾರೂ?”

“ಯಾರೂ.”

“ಅದನ್ನ ಸಭಾದಾಗ ಬರದಿಡ್ತಾರೇನು? ಬನವ್ವನ ಮನಿಗೆ ಯಾರೂ ಹೋಗಬಾರದಂತ?”

“ಬರದಿಡ್ತಾರ.”

ಬನವ್ವ ವಿರೂಪಾಕ್ಷಿಯ ಕಡೆ ತಿರುಗಿದಳು. “ಶೆಡ್ಡ ಕೊಡ್ರಿ. ನಾ ತಾಸು ಕೊಡತೀನಿ.”

“ಶೆಡ್ಡ ಒಂದ ಬಿಟ್ಟ ಏನ ಬೇಕಾದ್ದ ಕೇಳ, ತಂಗಿ. ಅದು ಮುಗೀತು.”

“ಹಂಗಾದ್ರ ಒಲ್ಲೆ.”

ಅಂಗಳದಲ್ಲಿ ಗುಜುಗುಜು ಎದ್ದಿತು. ಅವಳಿಗೆ ಸರಿಯಾಗಿ ತಿಳಿದಿಲ್ಲ ಎಂದರು ಕೆಲವರು. ಬಿಡಿಸಿ ಹೇಳಿ ಎಂದರು. ಗುರುಸಿದ್ದ ಎದ್ದು ಮುಂದೆ ಬಂದ. ಅವಳಿಗೆ ಕಾಣುವಂತೆ ನಿಂತು, ದನಿ ತೆಗೆಯದೆ, ಬಾಯಿ ಅಗಲಿಸಿ, ಎರಡು ಬೆರಳು ಆಡಿಸಿ ಹೇಳಿದ: ‘ಹೂಂ ಅನ್ನು, ಬನೂ. ಮಂದಿ ಕೇಳಾಕತ್ತೈತಿ.’

ಅವನ ಬೆನ್ನಿಗೆ ಬಾಬಿನ್ನಿನ ಮುದುಕ ಬಂದ. ಅವನ ತುಟಿ ತುಕ್ಕು ಹಿಡಿದ ಬಾಗಿಲ ಹಾಗೆ ಕಷ್ಟಪಟ್ಟು ತೆರೆಯಿತು. ‘ರಾತ್ರಿಯೆಲ್ಲ ತಲಿ ಹಿಡಕೊಂಡ ಕುಂದರತೀನಿ, ಯವ್ವಾ.’ ಆಮೇಲೆ ಒಬ್ಬಳು, ಆಮೇಲೆ ಅವಳ ಗಂಡ. ಸಾಲುಗಳು ಎದ್ದು ನಿಂತವು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಬಾಯಿಗಳಿಗೆ ತಾವಾಗಿಯೇ ನೆನಪಾಯಿತು. ಹುಬ್ಬು ಕುಣಿದವು. ಕೈಗಳು ಎದ್ದವು. ತಹಸೀನಳಿಗೆ ಕೇಳಿಸುತ್ತಿದ್ದ ಗುಜುಗುಜು ಇಳಿದು ಇಳಿದು ನಿಂತಿತು. ಅಂಗಳ ತುಂಬ ಜನ, ಅಷ್ಟೂ ಜನ ಮಾತಾಡುತ್ತಿದ್ದಾರೆ, ಒಂದು ದನಿ ಇಲ್ಲ.

ಬನವ್ವ ಎದ್ದು ನಿಂತಿದ್ದಳು. ಎರಡು ವರ್ಷದ ಮೇಲೆ ಇಡೀ ವಾರ್ಡು ಅವಳ ಕಡೆ ಮುಖ ಮಾಡಿತ್ತು. ಅವಳು ಬಲದ ತುದಿಯಿಂದ ಸುರು ಮಾಡಿದಳು. ‘ದಿನಾ ಹಾಲ ಕಳಸ್ತೀನಿ.’ ‘ಒಂದ ತಾಸ ಅಷ್ಟ, ಏನ ಹೋಗತೈತಿ ನಿಂದು?’ ‘ನನ್ನ ಮಗನ ಮುಖಾ ನೋಡಿ ಹೂಂ ಅನ್ನ.’ ‘ಸೊಕ್ಕ ನೋಡ ಇಕೀದು.’ ‘ಸುಮ್ಮನಿರ, ಅಕಿ ಓದತಾಳ.’ ‘ನಿನ್ನ ಮದುವ್ಯಾಗ ನಾ ಮಗ್ಗ ಬಿಟ್ಟ ಬಂದಿದ್ದೆ, ನೆನಪೈತಿ?’ ‘ನಿದ್ದಿ ಬೇಕ, ಬರೇ ನಿದ್ದಿ.’ ‘ದೇವರ ಅನ್ಕೊಂಡ ಕೇಳತೀವಿ.’ ಅವಸರ ಮಾಡಲಿಲ್ಲ. ಒಂದು ಮುಖವನ್ನೂ ಬಿಡದೆ, ಬೈದವರನ್ನೂ ಬೇಡಿದವರನ್ನೂ ಓದುತ್ತ, ಕೆಲವು ಕಡೆ ಮತ್ತೆ ಹೇಳಿ ಎಂದು ಗದ್ದ ಎತ್ತುತ್ತ, ಎಡದ ತುದಿಗೆ ಬಂದಳು. ಅಲ್ಲಿ ಜೈತುನಬಿ ಇದ್ದಳು. ಅವಳು ಏನೂ ಹೇಳಲಿಲ್ಲ.

ಬಾಯಿಗಳು ಒಂದೊಂದಾಗಿ ಮುಚ್ಚಿದವು. ಎಲ್ಲರೂ ಕಾದರು. ವಿರೂಪಾಕ್ಷಿ ಶಾಲು ಬಿಡಿಸಿ ಹಿಡಿದ.

“ಒಲ್ಲೆ,” ಎಂದಳು ಬನವ್ವ.